ಕಾಫಿಗೆ ಕರೆದು ಸೆರೆಹಿಡಿದ ಹಾರ್ಮೋನಿಯಂ

ಸಭಾಭವನದ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಮೂಡಲಗಿರಿಯಪ್ಪನವರ ಕಾಲು ಹಾರ್ಮೋನಿಯಂ ಈ ಪತ್ರ ಬರೆಯುವ ಹೊತ್ತಿಗೂ ನಿಮ್ಮ ಸಭಾಭವನದ ಉಗ್ರಾಣದಲ್ಲಿಯೇ ಇದೆ. ಮುರಿದ ಕುರ್ಚಿಗಳಿಗೂ ಹಳೆಯ ಬ್ಯಾನರುಗಳಿಗೂ ನಡುವೆ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಲಾಗಿದೆ. ಇದನ್ನು ಕಂಡು ಬಂದು ವರದಿ ಮಾಡಿದವರು ನಮ್ಮ ಮರಳೂರಿನ ವನಜಾಕ್ಷಿ. ಸೋಮವಾರ ನಿಮ್ಮಲ್ಲಿ ನಡೆದ ಹೊಲಿಗೆ ತರಬೇತಿಯ ಸಮಾರೋಪಕ್ಕೆ ಅವರು ಹೋಗಿದ್ದರು. ಕುರ್ಚಿ ಸಾಲದೆ ಉಗ್ರಾಣದ ಬಾಗಿಲು ತೆರೆದಾಗ ಒಳಗೆ ಇಣುಕಿದರು. "ಪೆಟ್ಟಿಗೆ ಮೇಲೆ ಸಾಂಬಾರಿನ ಬಕೀಟು ಇಟ್ಟವ್ರೆ ಕಣಣ್ಣ, ಮುಚ್ಚಳಾನೂ ಇಲ್ಲ" ಎಂದು ನನಗೆ ಹೇಳಿದರು. ಮುಚ್ಚಳ ಇಲ್ಲದ್ದು ಹಾರ್ಮೋನಿಯಂಗೋ ಸಾಂಬಾರಿಗೋ ಎಂದು ನಾನು ಸ್ಪಷ್ಟನೆ ಕೇಳಿದೆ. ಎರಡಕ್ಕೂ ಇರಲಿಲ್ಲವಂತೆ.

ನನ್ನ ದೂರು ಸರಳವಾದದ್ದು. ಮಾತುಕತೆಗೆ ಬನ್ನಿ ಎಂದು ಕರೆದು, ಕಾಫಿ ಕೊಟ್ಟು, ಬಂದವರ ವಾದ್ಯವನ್ನು ನೀವು ವಶಪಡಿಸಿಕೊಂಡಿದ್ದೀರಿ. ಇದನ್ನು ಖಾಸಗಿಯಾಗಿ ತಿಳಿಸದೆ ಪತ್ರಿಕೆಗೆ ಏಕೆ ಬರೆದೆ ಎಂದು ನೀವು ಕೇಳಬಹುದು. ಖಾಸಗಿಯಾಗಿ ತಿಳಿಸಬೇಕಾದರೆ ನಿಮ್ಮ ಕಚೇರಿಗೆ ಬರಬೇಕು. ನನ್ನ ಬಳಿ ಇರುವುದು ಒಂದು ಸೈಕಲ್. ಅದನ್ನು ಕಳೆದುಕೊಳ್ಳಲು ನಾನು ಸಿದ್ಧನಿಲ್ಲ.

ಮೂಡಲಗಿರಿಯಪ್ಪನವರನ್ನು ಅರಿಯದ ಓದುಗರಿಗೆ ಒಂದು ಮಾತು. ಅವರು ಗೂಳೂರಿನವರು, ನಾಟಕದ ಮೇಷ್ಟ್ರು. ನಮ್ಮ ಕಡೆ ನಾಟಕದ ಮೇಷ್ಟ್ರು ಎಂದರೆ ಹಾರ್ಮೋನಿಯಂ ಮುಂದೆ ಕುಳಿತು, ಬೇಸಾಯಗಾರರಿಗೂ ಶಾಲಾ ಶಿಕ್ಷಕರಿಗೂ ಕೊಬ್ಬರಿ ಮಂಡಿಯವರಿಗೂ ತಿಂಗಳುಗಟ್ಟಲೆ ಪದ್ಯ ಕಲಿಸುವವರು. ನಾಟಕದ ದಿನ ರಂಗದ ಕೆಳಗೆ ಕುಳಿತು ಎಲ್ಲರ ತಪ್ಪನ್ನೂ ಸ್ವರದಲ್ಲಿ ಮುಚ್ಚುವವರೂ ಅವರೇ. ಚಿಕ್ಕಂದಿನ ಕಾಯಿಲೆಯಿಂದ ಅವರ ಎಡಗಾಲು ಬಲಗಾಲಿಗಿಂತ ಗಿಡ್ಡ. ಹಾಗಾಗಿ ತಿದಿಯನ್ನು ಒತ್ತುವ ಎಡಗಡೆಯ ತುಳಿಹಲಗೆಯನ್ನು ಬಡಗಿಯಿಂದ ಎತ್ತರಿಸಿಕೊಂಡು, ಆ ಒಂದು ಪೆಟ್ಟಿಗೆಯ ಮೇಲೆಯೇ ನಲವತ್ತು ವರ್ಷ ನುಡಿಸಿದ್ದಾರೆ. ಬೇರೆ ಹಾರ್ಮೋನಿಯಂ ಮುಂದೆ ಕುಳಿತರೆ ಅವರ ಒಂದು ಕಾಲು ಬರಿ ಗಾಳಿಯನ್ನು ತುಳಿಯುತ್ತದೆ. ಇದೇ ಮಾರ್ಚ್ ಇಪ್ಪತ್ತೆಂಟರ ಭಾನುವಾರ ಕುಣಿಗಲ್‌ನಲ್ಲಿ ಅವರು ಕಲಿಸಿದ ನಾಟಕವಿದೆ. ಪೆಟ್ಟಿಗೆ ಇಲ್ಲದಿದ್ದರೆ ಕೀಬೋರ್ಡಿನವರನ್ನು ಗೊತ್ತು ಮಾಡುತ್ತೇವೆ ಎಂದು ಅಲ್ಲಿಯವರು ಹೇಳಿ ಕಳಿಸಿದ್ದಾರೆ. ಕೀಬೋರ್ಡು ಹೊಕ್ಕ ಊರಿಗೆ ಕಾಲು ಹಾರ್ಮೋನಿಯಂ ಮರಳಿ ಹೋದದ್ದನ್ನು ನಾನು ಈವರೆಗೆ ನೋಡಿಲ್ಲ. ಮೇಷ್ಟ್ರೂ ನೋಡಿಲ್ಲ.

ಇನ್ನು ಈ ಜಗಳಕ್ಕೆ ಅಮೆರಿಕದ ಸೈನ್ಯ ಹೇಗೆ ಬಂತು ಎಂಬುದನ್ನು ಹೇಳಬೇಕು. ನಮ್ಮ ನಾಟಕ ಮಂಡಳಿ ಪ್ರತಿ ವರ್ಷ ಪೌರಾಣಿಕ ನಾಟಕ ಆಡುತ್ತಿತ್ತು, ಪ್ರತಿ ವರ್ಷ ರಾಜನ ಪಾರ್ಟು ಯಾರದೆಂದು ಒಡೆಯುತ್ತಿತ್ತು. ನಮ್ಮಪ್ಪ ಮಾಡಿದ ಪಾರ್ಟು, ನಮ್ಮ ತಾತ ಮಾಡಿದ ಪಾರ್ಟು ಎಂದು ಜನ ಹೊಲದ ಪಾಲು ಕೇಳುವಂತೆ ಕೇಳುತ್ತಿದ್ದರು. ಒಂದು ವರ್ಷ ಒಂದೇ ರಂಗದ ಮೇಲೆ ಇಬ್ಬರು ರಾಜರು ಬಂದು, ಮಂತ್ರಿಯಾದವನು ಇಬ್ಬರಿಗೂ ಸರದಿಯಂತೆ ಕೈಮುಗಿದ. ಯಾರ ತಾತನೂ ಮಾಡಿರದ ಒಂದು ಕಥೆ ಸಿಕ್ಕರೆ ಮಂಡಳಿ ಉಳಿಯುತ್ತದೆ ಎಂದು ನನಗೆ ಅನಿಸಿತು. ಅಂಚೆ ಶಿಕ್ಷಣದಲ್ಲಿ ಬಿ.ಎ. ಓದುವಾಗ ಅಮೆರಿಕದ ಇತಿಹಾಸ ನನಗೊಂದು ವಿಷಯವಾಗಿತ್ತು. ಅದರಲ್ಲಿ ಕ್ರೀಕ್ ಮತ್ತು ಸೆಮಿನೋಲ್ ಎಂಬ ಮೂಲನಿವಾಸಿ ಜನಗಳ ಕಥೆ ಓದಿದ್ದೆ. ಗುಬ್ಬಿಯಿಂದ ಕುಣಿಗಲ್‌ವರೆಗೆ ಯಾರೂ ತಮ್ಮದೆಂದು ಹೇಳಿಕೊಳ್ಳದ ಕಥೆ ಅದು.

ಕಥೆಯ ಸಾರ ನಿಮಗೆ ತಾಲೀಮಿನಲ್ಲಿ ತಿಳಿದದ್ದೇ. ಆದರೂ ನೆನಪಿಸುತ್ತೇನೆ, ಏಕೆಂದರೆ ನಿಮ್ಮ ಆಡಳಿತಕ್ಕೂ ಅದಕ್ಕೂ ಸಂಬಂಧವಿದೆ. ೧೮೧೩ರಲ್ಲಿ ಕ್ರೀಕರು ತಮ್ಮಲ್ಲೇ ಎರಡು ಪಕ್ಷವಾದರು. ಆಂಡ್ರ್ಯೂ ಜಾಕ್ಸನ್ ಎಂಬ ಸೇನಾಪತಿ ಒಂದು ಪಕ್ಷವನ್ನು ಜೊತೆಗೆ ಕಟ್ಟಿಕೊಂಡು ಇನ್ನೊಂದನ್ನು ಮರುವರ್ಷ ಸೋಲಿಸಿದ. ಆಮೇಲೆ ಒಪ್ಪಂದ ಮಾಡಿ ಎರಡು ಕೋಟಿ ಎಕರೆಗೂ ಮೀರಿ ನೆಲ ಬರೆಸಿಕೊಂಡ. ಸೋತವರದಷ್ಟೇ ಅಲ್ಲ, ತನ್ನ ಪರವಾಗಿ ಹೋರಾಡಿದ ಕ್ರೀಕರ ನೆಲವನ್ನೂ. ಫ್ಲಾರಿಡಾದ ಸೆಮಿನೋಲರಿಗೆ ೧೮೨೩ರ ಒಪ್ಪಂದದಲ್ಲಿ ಇಪ್ಪತ್ತು ವರ್ಷ ನೆಮ್ಮದಿಯಾಗಿರಿ ಎಂದು ಅಮೆರಿಕದ ಸರ್ಕಾರದವರು ಜಾಗ ಕೊಟ್ಟರು. ಒಂಬತ್ತು ವರ್ಷವಾಗುವಷ್ಟರಲ್ಲಿ ಇನ್ನೊಂದು ಒಪ್ಪಂದ ತಂದು, ಇನ್ನು ಮೂರು ವರ್ಷದಲ್ಲಿ ಖಾಲಿ ಮಾಡಿ ಎಂದರು. ಯುದ್ಧ ಹತ್ತಿತು. ಸೆಮಿನೋಲರ ಮುಂದಾಳು ಓಸಿಯೋಲ ೧೮೩೭ರ ಅಕ್ಟೋಬರಿನಲ್ಲಿ ಬಿಳಿ ಬಾವುಟದಡಿ ಮಾತುಕತೆಗೆ ನಿಂತಿದ್ದಾಗ ಅಮೆರಿಕದ ಜನರಲ್ ಜೆಸಪ್‌ನ ಆಜ್ಞೆಯಂತೆ ಅವನನ್ನು ಸುತ್ತುವರಿದು ಹಿಡಿದರು. ಮುಂದಿನ ಜನವರಿಯಲ್ಲಿ ಅವನು ಸೆರೆಯಲ್ಲೇ ಸತ್ತ.

ಮೇಷ್ಟ್ರು ಇದನ್ನು ಕೇಳಿ, ಸಾಯುವ ಪದ್ಯಕ್ಕೆ ಯಾವ ರಾಗವೆಂದು ಕೇಳಿದರು. ನಾನು ಬರೆದೆ, ಅವರು ರಾಗ ಹಾಕಿದರು.

ಪಾರ್ಟು ಹಂಚುವಾಗ ನಮಗೆ ಆಶ್ಚರ್ಯ ಕಾದಿತ್ತು. ಓಸಿಯೋಲನ ಪಾರ್ಟನ್ನು ಗುಬ್ಬಿಯ ಕೊಬ್ಬರಿ ವ್ಯಾಪಾರಿ ಅಡವಿಯಪ್ಪ ಜಗಳವಿಲ್ಲದೆ ಹಿಡಿದರು. ಮೂರು ಪದ್ಯ ಹಾಡಿ ಸೆರೆಯಲ್ಲಿ ಸಾಯುವ ದೃಶ್ಯಕ್ಕೆ ಅವರು ಮನಸೋತಿದ್ದರು. ಜನರಲ್ ಜೆಸಪ್‌ನ ಪಾರ್ಟಿಗೆ ಯಾರೂ ಇರಲಿಲ್ಲ. ಆಗ ತಾವು ದಯಮಾಡಿಸಿದಿರಿ. ಸಭಾಭವನ ತಮ್ಮ ಕೈಯಲ್ಲಿತ್ತು, ತಮ್ಮ ಕಂಠ ಹೇಗಿದೆ ಎಂದು ಪರೀಕ್ಷಿಸುವ ಸ್ಥಿತಿಯಲ್ಲಿ ನಾವಿರಲಿಲ್ಲ. ಕಿರೀಟವಿಲ್ಲದ ಪಾರ್ಟು ಬೇಡ ಎಂದು ತಾವು ಹೇಳಿದಿರಿ. ಅಮೆರಿಕದ ಸೇನಾಪತಿಗೆ ಕಿರೀಟವಿರಲಿಲ್ಲ ಎಂದು ನಾನು ವಿವರಿಸಿದೆ. ಕಿರೀಟ ಇಲ್ಲದಿದ್ದರೆ ಸೇನಾಪತಿ ಯಾರೆಂದು ಹಿಂದಿನ ಸಾಲಿನವರಿಗೆ ಹೇಗೆ ತಿಳಿಯಬೇಕು ಎಂದು ತಾವು ಕೇಳಿದಿರಿ. ತುಮಕೂರಿನ ಡ್ರಾಮಾ ಡ್ರೆಸ್ ಅಂಗಡಿಯಲ್ಲಿ ರಾಜರ ಉಡುಪು ಬಿಟ್ಟು ಬೇರೆ ಇರಲಿಲ್ಲ. ಕೊನೆಗೆ ಜನರಲ್ ಜೆಸಪ್ ಕಿರೀಟ, ಭುಜಕೀರ್ತಿ, ಗದೆ ಮತ್ತು ಆಫೀಸಿನ ಬೂಟು ಧರಿಸಿದ. ಅಮೆರಿಕದ ಸೈನಿಕರಿಗೆ ಕಿರಣ್‌ಕುಮಾರ್ ತನ್ನ ಮದುವೆ ಬ್ಯಾಂಡ್‌ಸೆಟ್ಟಿನ ಕೆಂಪು ಸಮವಸ್ತ್ರ ಕೊಟ್ಟ, ಬೆನ್ನ ಮೇಲೆ ಅವನ ಫೋನ್ ನಂಬರು ಸಹಿತ. ತಾನೂ ಒಬ್ಬ ಸೈನಿಕನಾದ. ಇತಿಹಾಸಕ್ಕೆ ನಿಷ್ಠವಾಗಿದ್ದದ್ದು ಅಡವಿಯಪ್ಪನವರ ತಲೆ ಮಾತ್ರ. ಸೆಮಿನೋಲರು ನಿಜವಾಗಿಯೂ ರುಮಾಲು ಸುತ್ತುತ್ತಿದ್ದರು. ಅಡವಿಯಪ್ಪ ಮಂಡಿಗೆ ಹೋಗುವ ರುಮಾಲಿನಲ್ಲೇ ಬಂದರು.

ಫೆಬ್ರವರಿ ಇಪ್ಪತ್ತೊಂದರ ಭಾನುವಾರ ನಾಟಕ. ಬೆಳಗಿನಿಂದ ಸಂಜೆ ಆರರವರೆಗೆ ಸಭಾಭವನ ನಮ್ಮದೆಂದು ತಾವೇ ಒಪ್ಪಿದ್ದಿರಿ. ಎರಡನೆಯ ಅಂಕದ ಮಧ್ಯೆ ತಮ್ಮ ಜವಾನ ರಂಗಕ್ಕೇ ಬಂದು, ಸಂಜೆ ಯಾರದೋ ಆರತಕ್ಷತೆ ಇದೆ, ನಾಲ್ಕಕ್ಕೆ ಖಾಲಿ ಮಾಡಬೇಕು ಎಂದ. ಇಪ್ಪತ್ತು ವರ್ಷವನ್ನು ಮೂರು ಮಾಡಿದ ಒಪ್ಪಂದದ ಪದ್ಯವನ್ನು ಅದೇ ಹೊತ್ತಿಗೆ ರಂಗದ ಮೇಲೆ ಹಾಡುತ್ತಿದ್ದೆವು. ಜವಾನ ಹೇಳಿದ್ದನ್ನು ಜನ ನಾಟಕದ ಭಾಗವೆಂದೇ ತಿಳಿದು ಚಪ್ಪಾಳೆ ತಟ್ಟಿದರು.

ಈಗ ಮುಖ್ಯ ದೃಶ್ಯಕ್ಕೆ ಬರುತ್ತೇನೆ. ಅಡವಿಯಪ್ಪ ಬಿದಿರಿನ ಕೋಲಿಗೆ ಬಿಳಿ ಪಂಚೆ ಕಟ್ಟಿಕೊಂಡು ರಂಗಕ್ಕೆ ಬಂದರು. ತಾವು ಗದೆ ಎತ್ತಿ "ಹಿಡಿಯಿರಿ ಇವನನ್ನು" ಎನ್ನಬೇಕಿತ್ತು. ತಾಲೀಮಿನಲ್ಲಿ ಅದನ್ನು ತಾವು ಬಹಳ ಚೆನ್ನಾಗಿ ಹೇಳುತ್ತಿದ್ದಿರಿ, ರಸ್ತೆಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ಆದರೆ ಅಂದು ಮುಂದಿನ ಸಾಲಿನಲ್ಲಿ ತಮ್ಮ ಕಚೇರಿಯ ಸಿಬ್ಬಂದಿ, ಗುತ್ತಿಗೆದಾರರು, ತಮ್ಮ ಮನೆಯವರು ಕುಳಿತಿದ್ದರು. ಹಿಂದಿನಿಂದ ಯಾರೋ ಪಕ್ಕದವನಿಗೆ, "ನಮ್ ಸಾಹೇಬ್ರು ಮಾತಿಗೆ ತಪ್ಪಾಕಿಲ್ಲ ಬುಡ್ಲಾ" ಎಂದದ್ದು ತಮ್ಮ ಕಿವಿಗೂ ಬಿತ್ತು, ನಮ್ಮ ಕಿವಿಗೂ ಬಿತ್ತು. ತಾವು ಗದೆ ಇಳಿಸಿದಿರಿ.

"ಓಸಿಯೋಲ, ನಿನ್ನನ್ನು ಬಿಟ್ಟಿದ್ದೇನೆ. ಫ್ಲಾರಿಡಾ ನಿನ್ನದೇ. ಹೋಗಿ ಸುಖವಾಗಿರು" ಎಂದಿರಿ.

ಅಡವಿಯಪ್ಪ ಕದಲಲಿಲ್ಲ. ಅವರು ಮೆಲ್ಲಗೆ ಹೇಳಿದ್ದನ್ನು ತಲೆಯ ಮೇಲೆ ತೂಗುಬಿಟ್ಟಿದ್ದ ಮೈಕು ಊರಿಗೆಲ್ಲ ಹೇಳಿತು. "ಸ್ವಾಮಿ, ನನ್ನ ಹಿಡ್ಕೊಳಿ. ಸಾಯೋ ಸೀನು ನಂದು. ನಮ್ ಬೀಗ್ರು ಅದನ್ನೇ ನೋಡಕ್ಕೆ ಬಂದವ್ರೆ."

"ಬಿಟ್ಟಿದೀನಿ ಅಂದ್ಮೇಲೆ ಬಿಟ್ಟಿದೀನಿ. ಹೋಗಯ್ಯ" ಎಂದು ತಾವು ಕೊರಳಿನ ಹಾರ ತೆಗೆದು ಅವರಿಗೆ ಹಾಕಿದಿರಿ. ಜನ ಒನ್ಸ್ ಮೋರ್ ಎಂದರು. ತಾವು ಇನ್ನೊಮ್ಮೆ ಬಿಟ್ಟಿರಿ.

ಓಸಿಯೋಲ ಎರಡೂ ಕೈ ಮುಂದೆ ಚಾಚಿ ಅಮೆರಿಕದ ಸೈನಿಕರ ಬಳಿ ತಾನೇ ಹೋದ. ಆರ್ಡರ್ ಆಗಿಲ್ಲ ಎಂದು ಕಿರಣ್‌ಕುಮಾರ್ ಹಿಂದೆ ಸರಿದ. ಬೇರೆ ದಾರಿಯಿಲ್ಲದೆ ಅಡವಿಯಪ್ಪ ಸ್ವತಂತ್ರ ಫ್ಲಾರಿಡಾದ ನಡುವೆ, ಅರಮನೆಯ ಪರದೆಯ ಮುಂದೆ, ಕೊರಳಲ್ಲಿ ಸೇವಂತಿಗೆ ಹಾರ ಹಾಕಿಕೊಂಡೇ ಸೆರೆಮನೆಯ ಪದ್ಯ ಶುರು ಮಾಡಿದರು. ಮೂರೂ ಹಾಡಿ ಮುಗಿಸಿ ಸತ್ತರು. "ಬುಟ್ಟ ಮೇಲೂ ಯಾಕ್ಲಾ ಸತ್ತ" ಎಂದು ಜನರಲ್ಲಿ ಚರ್ಚೆಯಾಯಿತು. ಬೀಗರು ಎದ್ದು ಹೋದರು.

ಇಷ್ಟೂ ಹೊತ್ತು ಮೂಡಲಗಿರಿಯಪ್ಪನವರು ಸೆರೆಹಿಡಿಯುವ ದೃಶ್ಯದ ರಾಗವನ್ನೇ ನುಡಿಸುತ್ತಿದ್ದರು. ಮುಂದಕ್ಕೆ ಹೋಗಲು ಅವರು ಒಪ್ಪಲಿಲ್ಲ. ಪರದೆ ಬಿಟ್ಟ ಮೇಲೆ ತಾವು ಕೆಳಗಿಳಿದು ಬಂದು, ಮಂಗಳ ಏಕೆ ನುಡಿಸಲಿಲ್ಲ ಎಂದು ಎಲ್ಲರೆದುರು ಗದರಿದಿರಿ. ಅವರು ತಲೆ ಎತ್ತದೆ, "ಸಾಹೇಬ್ರೇ, ಶ್ರುತಿ ಬುಟ್ಟೋರ್ನ ನಾನು ಕಾಪಾಡಿವ್ನಿ, ತಾಳ ಬುಟ್ಟೋರ್ನ ಕಾಪಾಡಿವ್ನಿ. ಕತೇನೇ ಬುಟ್ಟೋರ್ನ ಕಾಪಾಡೋ ಸ್ವರ ಇದ್ರಲ್ಲಿಲ್ಲ" ಎಂದರು. ಅಲ್ಲಿದ್ದವರು ನಕ್ಕರು. ನಾನೂ ನಕ್ಕೆ. ತಮ್ಮ ಮುಖ ನೋಡಿದ ಮೇಲೆ ನಿಲ್ಲಿಸಿದೆ.

ವಾರದ ನಂತರ ತಮ್ಮಿಂದ ಕರೆ ಬಂತು. ಆದದ್ದು ಆಯಿತು, ಗುರುವಾರ ಬನ್ನಿ, ಕೂತು ಮಾತಾಡೋಣ, ಮೇಷ್ಟ್ರು ಪೆಟ್ಟಿಗೆಯನ್ನೂ ತರಲಿ, ಆ ಪದ್ಯವನ್ನು ಒಮ್ಮೆ ಸರಿಯಾಗಿ ಹಾಡಿಬಿಡೋಣ ಎಂದು ಜವಾನ ಹೇಳಿದ. ನಾವು ಸಂತೋಷಪಟ್ಟೆವು. ಬಿಳಿ ಬಾವುಟದ ದೃಶ್ಯವನ್ನು ಬರೆದವನು ನಾನು. ಅದಕ್ಕೆ ರಾಗ ಹಾಕಿದವರು ಮೇಷ್ಟ್ರು. ಅದರಲ್ಲಿ ಬಾವುಟ ಹಿಡಿದವರು ಅಡವಿಯಪ್ಪ. ಮೂವರೂ ಸೇರಿ ಹಾರ್ಮೋನಿಯಂ ಅನ್ನು ಆಟೋದಿಂದ ಇಳಿಸಿ, ಮೆಟ್ಟಿಲು ಹತ್ತಿಸಿ, ತಮ್ಮ ಮೇಜಿನ ಮುಂದೆ ಇಟ್ಟೆವು. ಕಾಫಿ ಬಂತು, ಚೌಚೌಬಾತ್ ಬಂತು. ಬಿಸಿಲು ಬೀಳುತ್ತಿದೆ, ಪೆಟ್ಟಿಗೆಯನ್ನು ಒಳಗಿಡು ಎಂದು ತಾವು ಜವಾನನಿಗೆ ಹೇಳಿದಿರಿ. ಮೇಷ್ಟ್ರು ಧನ್ಯವಾದ ಹೇಳಿದರು. ಚೌಚೌಬಾತ್‌ನ ಸಿಹಿಭಾಗ ಮುಗಿಯುವಷ್ಟರಲ್ಲಿ ಬೀಗ ಬಿದ್ದ ಶಬ್ದ ಕೇಳಿಸಿತು. ನಾಲ್ಕಕ್ಕೆ ಖಾಲಿ ಮಾಡದೆ ಸಭಾಭವನದ ನಿಯಮ ಉಲ್ಲಂಘಿಸಿದ್ದರಿಂದ ವಾದ್ಯವನ್ನು ಸುರಕ್ಷಿತ ಅಭಿರಕ್ಷೆಯಲ್ಲಿ ಇಡಲಾಗಿದೆ ಎಂದು ತಾವು ತಿಳಿಸಿದಿರಿ. ಬೀಗ ಹಾಕಿದವನು ಜವಾನ, ತಾವು ಮುಟ್ಟಲೂ ಇಲ್ಲ. ಓಸಿಯೋಲನನ್ನು ಹಿಡಿಯುವಾಗಲೂ ಜೆಸಪ್ ಅಲ್ಲಿರಲಿಲ್ಲ. ಕೈಕೆಳಗಿನ ಇನ್ನೊಬ್ಬ ಸೇನಾಧಿಕಾರಿ ಆ ಕೆಲಸ ಮಾಡಿದ. ಪಾರ್ಟು ಕಡಿಮೆ ಇರಲೆಂದು ನಾನು ನಾಟಕದಲ್ಲಿ ಅವನನ್ನು ಕೈಬಿಟ್ಟಿದ್ದೆ. ತಾವು ಸೇರಿಸಿದಿರಿ.

ಮಾನ್ಯರೇ, ನನಗೆ ಅರ್ಥವಾಗದ ಸಂಗತಿ ಒಂದಿದೆ. ರಂಗದ ಮೇಲೆ ಮಾತು ಮುರಿಯುವುದು ತಮ್ಮ ಪಾರ್ಟು, ಅದನ್ನು ಬರೆದು ಕೊಟ್ಟಿದ್ದೆವು, ತಾಲೀಮು ಮಾಡಿಸಿದ್ದೆವು, ಕಿರೀಟ ತೊಡಿಸಿದ್ದೆವು. ಅಲ್ಲಿ ತಮಗೆ ಮನಸ್ಸು ಬರಲಿಲ್ಲ. ಕಚೇರಿಯಲ್ಲಿ ಯಾರೂ ಬರೆದು ಕೊಟ್ಟಿರಲಿಲ್ಲ. ಅಲ್ಲಿ ತಾಲೀಮಿಲ್ಲದೆಯೂ ಒಂದೇ ಸಲಕ್ಕೆ ಸರಿಯಾಗಿ ಮಾಡಿದಿರಿ. ಜನ ನೋಡುತ್ತಿದ್ದಾಗ ಇಡೀ ಫ್ಲಾರಿಡಾವನ್ನು ಎರಡು ಸಲ ದಾನ ಕೊಟ್ಟ ಕೈಗೆ, ಜನ ನೋಡದಿದ್ದಾಗ ಒಂದು ಹಾರ್ಮೋನಿಯಂ ಬಿಡಲು ಆಗಲಿಲ್ಲವೇ? ಆ ಫ್ಲಾರಿಡಾ ತಮ್ಮ ಸುಪರ್ದಿಯಲ್ಲೂ ಇರಲಿಲ್ಲ.

ಇದು ಜಪ್ತಿಯಲ್ಲ, ಅಭಿರಕ್ಷೆ ಎಂಬುದು ತಮ್ಮ ಸಮರ್ಥನೆ. ಓಸಿಯೋಲನನ್ನೂ ಗೌರವದಿಂದಲೇ ನೋಡಿಕೊಂಡೆವೆಂದು ಅಮೆರಿಕದ ಸೈನ್ಯದವರೂ ಹೇಳಿದರು. ಚಿತ್ರಕಾರರು ಅವನನ್ನು ಸೆರೆಯಿಟ್ಟಿದ್ದ ಕೋಟೆಗೆ ಬಂದು ಅವನ ಚಿತ್ರ ಬರೆದರು. ಸಾಯುವ ಆ ತಿಂಗಳಲ್ಲೇ ಅವನನ್ನೂ ಜೊತೆಯವರನ್ನೂ ಚಾರ್ಲ್ಸ್‌ಟನ್ ಊರಿನ ರಂಗಮಂದಿರಕ್ಕೆ ನಾಟಕ ತೋರಿಸಲು ಕರೆದೊಯ್ದಿದ್ದರು. ಗಮನಿಸಬೇಕು: ಮಾತು ಮುರಿದ ಆ ಸೈನ್ಯವೂ ಕೈದಿಯನ್ನು ನಾಟಕಕ್ಕೆ ಕಳಿಸಿತು. ತಾವು ನಾಟಕದ ಕೈದಿಯನ್ನು ಸಾಂಬಾರಿನ ಬಕೀಟಿನ ಕೆಳಗೆ ಇಟ್ಟಿದ್ದೀರಿ. ತಿದಿಯ ತೊಗಲಿಗೆ ಎಣ್ಣೆ ತಗಲಿದರೆ ಏನಾಗುತ್ತದೆ ಎಂಬುದನ್ನು ನಾನು ಹೇಳುವುದಕ್ಕಿಂತ ಮೇಷ್ಟ್ರು ಹೇಳಬೇಕು. ಅವರು ಹೇಳುತ್ತಿಲ್ಲ. ವನಜಾಕ್ಷಿ ಹೇಳಿದ್ದನ್ನು ಕೇಳಿದ ದಿನ ಅವರು ಊಟ ಮಾಡಲಿಲ್ಲವೆಂದು ಅವರ ಮನೆಯಾಕೆ ಪುಟ್ಟತಾಯಮ್ಮ ಹೇಳಿದರು. ಕುಳಿತಲ್ಲೇ ಅವರ ಎಡಗಾಲು ನೆಲವನ್ನು ಒತ್ತುತ್ತಿರುತ್ತದಂತೆ.

ಇನ್ನು ಕಿರಣ್‌ಕುಮಾರ್ ವಿಚಾರ. ಅಂದು ತಮ್ಮ ಆಜ್ಞೆಯಿಲ್ಲದೆ ಓಸಿಯೋಲನನ್ನು ಹಿಡಿಯದ ಏಕೈಕ ನಿಷ್ಠಾವಂತ ಅವನು. ಆಮೇಲೂ ಊರೆಲ್ಲ ತಮ್ಮ ಪರವಾಗಿ ವಾದಿಸಿದ. ಹೋದ ವಾರ ಅವನಿಗೂ ನಿಯಮ ಉಲ್ಲಂಘನೆಯ ನೋಟೀಸು ಹೋಗಿದೆ. ಇನ್ನು ಮುಂದೆ ಅವನ ಬ್ಯಾಂಡ್‌ಸೆಟ್ಟಿಗೆ ತಮ್ಮ ಸಭಾಭವನದ ಒಳಗೆ ಪ್ರವೇಶವಿಲ್ಲವಂತೆ. ನೋಟೀಸು ಹಿಡಿದು ನನ್ನ ಬಳಿ ಬಂದು, "ಅಣ್ಣ, ನಾನು ಸಾಹೇಬ್ರ ಕಡೇನೇ ಅಲ್ವ ಇದ್ದಿದ್ದು" ಎಂದು ಕೇಳಿದ. ಜಾಕ್ಸನ್ ಕಡೆ ಇದ್ದ ಕ್ರೀಕರ ಕಥೆಯನ್ನು ಅವನಿಗೆ ಇನ್ನೊಮ್ಮೆ ಹೇಳಿದೆ. ನಾಟಕದ ಮೊದಲ ಅಂಕದಲ್ಲೇ ಅದು ಬರುತ್ತದೆ. ಆಗ ಅವನು ಹೊರಗೆ ಡೋಲು ಬಿಗಿಯುತ್ತಿದ್ದನಂತೆ.

ಜನರಲ್ ಜೆಸಪ್ ಆ ಒಂದು ದಿನದ ಕೆಲಸವನ್ನು ಸಮರ್ಥಿಸಿಕೊಳ್ಳುತ್ತಾ ಮುಂದೆ ವರ್ಷಗಟ್ಟಲೆ ಪತ್ರ ಬರೆಯಬೇಕಾಯಿತು ಎಂದು ಇತಿಹಾಸದಲ್ಲಿದೆ. ಅವನು ಒಳ್ಳೆಯ ಆಡಳಿತಗಾರನೂ ಆಗಿದ್ದನಂತೆ. ಅದು ಯಾರಿಗೂ ನೆನಪಿಲ್ಲ. ತಮಗೆ ಆ ಶ್ರಮ ಬೇಡವೆಂದು ಪತ್ರವನ್ನು ನಾನೇ ಬರೆಯುತ್ತಿದ್ದೇನೆ.

ನಮ್ಮ ಬೇಡಿಕೆ ಇಷ್ಟು. ಹಾರ್ಮೋನಿಯಂ ಅನ್ನು ಒರೆಸಿ, ಎಡಗಡೆಯ ತುಳಿಹಲಗೆಗೆ ಪೆಟ್ಟಾಗದಂತೆ, ಕುಣಿಗಲ್‌ನ ನಾಟಕಕ್ಕೆ ಮೊದಲು ಹಿಂದಿರುಗಿಸಬೇಕು. ಕಿರಣ್‌ಕುಮಾರನ ನೋಟೀಸು ವಾಪಸಾಗಬೇಕು. ಕುಣಿಗಲ್‌ನಲ್ಲಿ ಆಡುತ್ತಿರುವುದೂ ಇದೇ ನಾಟಕ. ಜನರಲ್‌ನ ಪಾರ್ಟಿಗೆ ಇನ್ನೂ ಯಾರೂ ಬಂದಿಲ್ಲ. ತಮಗೆ ಇಷ್ಟವಿದ್ದರೆ ಬರಬಹುದು, ಕಿರೀಟ ಇದೆ. ಷರತ್ತು ಒಂದೇ: ಅಡವಿಯಪ್ಪನವರನ್ನು ಹಿಡಿಯಬೇಕು. ಅವರ ಬೀಗರನ್ನು ಬಹಳ ಕಷ್ಟಪಟ್ಟು ಒಪ್ಪಿಸಿದ್ದೇವೆ.

ಈ ಪತ್ರವನ್ನು ಇಲ್ಲಿಗೆ ಮುಗಿಸುವವನಿದ್ದೆ. ಅಷ್ಟರಲ್ಲಿ ನಿನ್ನೆ ಮಧ್ಯಾಹ್ನ ತಮ್ಮ ಜವಾನ ಗೂಳೂರಿಗೆ ಹೋಗಿ, ಸಾಹೇಬರು ಇನ್ನೊಮ್ಮೆ ಮಾತುಕತೆಗೆ ಕರೆದಿದ್ದಾರೆ, ಶನಿವಾರ ಬರಬೇಕು ಎಂದು ಮೇಷ್ಟ್ರಿಗೆ ಹೇಳಿದ್ದಾನೆ. ಅವರು ಬರುತ್ತೇನೆ ಎಂದುಬಿಟ್ಟಿದ್ದಾರೆ. ಸುದ್ದಿ ತಿಳಿದು ನಾನೂ ಅಡವಿಯಪ್ಪನೂ ಓಡಿದೆವು. ಅಡವಿಯಪ್ಪ ಬೈದರು. ನಾನು ೧೮೨೩, ೧೮೩೨, ೧೮೩೭ ಎಂದು ವರ್ಷಗಳನ್ನು ಒಂದೊಂದಾಗಿ ಎಣಿಸಿದೆ. ಈ ಸಲ ಏನನ್ನು ಕಿತ್ತುಕೊಳ್ಳುತ್ತಾರೋ ಎಂದೆ. ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು.

"ಬತ್ತೀನಿ ಅಂದಿವ್ನಿ, ಹೋಯ್ತೀನಿ ಕಣ್ರಪ್ಪ. ಮಾತು ತಪ್ಪೋದು ಅವ್ರ ಪಾರ್ಟು. ನಂದಲ್ಲ."

ಮಾರ್ಚ್ ಇಪ್ಪತ್ತೇಳರ ಶನಿವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಮೂಡಲಗಿರಿಯಪ್ಪನವರು ತಮ್ಮ ಕಚೇರಿಗೆ ಬರುತ್ತಾರೆ.

ಇಂತಿ,
ಈ ನಾಟಕವನ್ನು ಎಂದೋ ಬರೆದು ಮುಗಿಸಿದ್ದೇನೆಂದು ತಿಳಿದಿದ್ದ
ರಂಗರಾಜು
ಮರಳೂರು, ತುಮಕೂರು